ಒತ್ತಕ್ಷರಕ್ಕೊಂದು ನಿಬ್ಬು, ಅಪ್ಪನಿಗೊಂದು ಹಾಳೆ

ಪೆನ್ನಿನ ಅಂಗಡಿಯಲ್ಲಿ ಜನ ಮೊದಲು ಏನು ಬರೆದು ನೋಡ್ತಾರೆ ಅಂತ ಗಮನಿಸಿದ್ದೀರಾ? ಬಹಳಷ್ಟು ಜನ ಇಂಗ್ಲಿಷಿನಲ್ಲಿ ತಮ್ಮ ಸಹಿ ಹಾಕ್ತಾರೆ. ಕೆಲವರು ಸುಮ್ಮನೆ ಸುರುಳಿ ಸುರುಳಿಯಾಗಿ ಗೀಚಿ, ‘ಪರವಾಗಿಲ್ಲ, ಬರೀತದೆ’ ಅಂತ ದುಡ್ಡು ಕೊಡ್ತಾರೆ. ನಾನು ‘ರಾಷ್ಟ್ರ’ ಅಂತ ಬರೀತೀನಿ. ಆಮೇಲೆ ‘ಲಕ್ಷ್ಮಿ’, ‘ಸ್ವಾತಂತ್ರ್ಯ’, ಕೊನೆಗೆ ‘ಅಡಿಕೆಗೆ ಕೊಳೆರೋಗ’. ಅಂಗಡಿಯವರು ಒಮ್ಮೆ ಹಾಳೆ ನೋಡ್ತಾರೆ, ಒಮ್ಮೆ ನನ್ನ ಮುಖ ನೋಡ್ತಾರೆ.

ಇದು ಶೋಕಿಗಲ್ಲ. ನಾನು ಕೈಯಲ್ಲಿ ಬರೆಯುವುದನ್ನು ಓದುವವರು ಈ ಭೂಮಿಯ ಮೇಲೆ ಒಬ್ಬರೇ. ಕೊಪ್ಪದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಅಪ್ಪ. ಅವರಿಗೆ ಅಕ್ಷರ ಕಾಣಬೇಕು, ಒತ್ತು ಒಡೆಯಬಾರದು, ಹಾಳೆಯ ಹಿಂಬದಿಯ ಬರಹ ಮುಂದಕ್ಕೆ ಇಣುಕಬಾರದು. ಇಷ್ಟಕ್ಕಾಗಿ ನಾನು ಎರಡು ವರ್ಷದಿಂದ ಬೆಂಗಳೂರಿನ ಪೇಟೆ ಬೀದಿಗಳನ್ನು ಸುತ್ತಿದ್ದೇನೆ. ಸುತ್ತಿದ್ದರಿಂದ ಸಿಕ್ಕಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ನಿಮಗೂ ಉಪಯೋಗಕ್ಕೆ ಬರಬಹುದು.

ಕಿರುಚಿ ಹೇಳಲಾಗದ ಮಾತು

ಅಪ್ಪ 31 ವರ್ಷ ಊರಿನ ಸಹಕಾರ ಸಂಘದಲ್ಲಿ ಗುಮಾಸ್ತರಾಗಿದ್ದವರು. ಈಗ ವಯಸ್ಸು 74. ನಾಲ್ಕು ವರ್ಷದಿಂದ ಕಿವಿ ಮಂದವಾಗುತ್ತಾ ಬಂದಿದೆ. ಶ್ರವಣ ಸಾಧನ ತಂದುಕೊಟ್ಟೆವು. ಮನೆಗೆ ನೆಂಟರು ಬಂದಾಗ ಹಾಕಿಕೊಳ್ಳುತ್ತಾರೆ. ಫೋನು ಹತ್ತಿರ ತಂದರೆ ಅದು ಕುಂಯ್ ಅನ್ನುತ್ತದಂತೆ. ಹಾಗಾಗಿ ನನ್ನ ಕರೆ ಬಂದ ಕೂಡಲೇ ತೆಗೆದು ಡಬ್ಬಿಗೆ ಹಾಕಿಬಿಡುತ್ತಾರೆ. ವಿಡಿಯೋ ಕಾಲ್ ಮಾಡಿದರೆ ನನ್ನ ತುಟಿಯನ್ನೇ ನೋಡುತ್ತಾ ‘ಹ್ಞೂ, ಹ್ಞೂ’ ಅನ್ನುತ್ತಾರೆ. ಏನು ಕೇಳಿತು, ಏನು ಬಿಟ್ಟಿತು ಗೊತ್ತಾಗುವುದಿಲ್ಲ.

ನಡುವೆ ಅಮ್ಮ ನಿಂತು ನನ್ನ ಮಾತನ್ನು ಅವರ ಕಿವಿಗೆ ಕೂಗಿ ತಲುಪಿಸುತ್ತಾಳೆ. ‘ಊಟ ಆಯ್ತಾ ಅಂತ ಕೇಳ್ತಿದಾಳೇ!’ ಅಂತ ಅವಳು ಕೂಗಿದರೆ ಆಚೆ ಮನೆಯವರೂ ಊಟ ಆಯ್ತು ಅನ್ನಬೇಕು, ಅಷ್ಟು ಗಟ್ಟಿ. ಹೀಗೆ ಕೂಗಿ ಹೇಳಬಹುದಾದ ಮಾತು ಎಷ್ಟಿರುತ್ತದೆ ಹೇಳಿ? ಊಟ, ಮಳೆ, ಅಡಿಕೆ ರೇಟು. ಅಪ್ಪ ಮತ್ತು ನಾನು ಆಡುವ ಮಾತು ನಿಧಾನಕ್ಕೆ ಈ ಮೂರಕ್ಕೆ ಬಂದು ನಿಂತಿತ್ತು.

ಮೊದಲ ಕಾಗದ ಬರೆದವರು ಅಪ್ಪನೇ. ಹಲಸಿನ ಹಪ್ಪಳದ ಪಾರ್ಸೆಲ್ಲಿನ ಒಳಗೆ, ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ನಾಲ್ಕು ಸಾಲು ಇತ್ತು. ‘ನಿನ್ನ ಕೆಲಸ ಹೇಗಿದೆ ಎಂದು ಕೇಳಬೇಕೆಂದಿದ್ದೆ. ಫೋನಿನಲ್ಲಿ ಸರಿಹೋಗುವುದಿಲ್ಲ. ಪುರುಸೊತ್ತಾದಾಗ ಬರೆ.’

ನಾನು ಕೈಗೆ ಸಿಕ್ಕ ಬಾಲ್‌ಪೆನ್ನಿನಲ್ಲಿ, ಪ್ರಿಂಟರಿನ ಹಾಳೆಯ ಎರಡೂ ಬದಿ ಬರೆದು ಕಳಿಸಿದೆ. ವಾರದ ನಂತರ ಅಮ್ಮ ಫೋನಲ್ಲಿ ಹೇಳಿದಳು: ‘ಅಕ್ಷರ ಮಸುಕಾಗಿ ಕಾಣ್ತದಂತೆ. ಭೂತಗನ್ನಡಿ ಹುಡುಕ್ತಿದಾರೆ.’ ಅಪ್ಪನ ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಆಗಬೇಕು. ಟೈಪ್ ಮಾಡಿ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಕಳಿಸಬಹುದಲ್ಲ ಅಂತ ನಿಮಗೆ ಅನ್ನಿಸಬಹುದು. ಅದನ್ನೂ ಒಂದು ಸಲ ಮಾಡಿ ನೋಡಿದೆ. ಅಪ್ಪನ ಉತ್ತರ ಒಂದೇ ಸಾಲು: ‘ಸಂಘಕ್ಕೆ ಇಲಾಖೆಯಿಂದ ನೋಟೀಸು ಬಂದ ಹಾಗಾಯಿತು.’

ಅಲ್ಲಿಂದ ಶುರುವಾಯಿತು ಹುಡುಕಾಟ.

ಕಾಗದ ಬರೆಯಲು ಕಾಗದ

ಮೊದಲು ಪೆನ್ನು ಕೊಂಡು ಆಮೇಲೆ ಹಾಳೆ ಹುಡುಕುವುದು ವಾಡಿಕೆ. ನನ್ನ ಸಲಹೆ ಕೇಳಿದರೆ, ಹಾಳೆಯಿಂದ ಶುರು ಮಾಡಿ. ಒಳ್ಳೆಯ ಹಾಳೆಯ ಮೇಲೆ ಸಾಧಾರಣ ಪೆನ್ನೂ ಚೆನ್ನಾಗಿ ಬರೆಯುತ್ತದೆ. ಕೆಟ್ಟ ಹಾಳೆಯ ಮೇಲೆ ಹತ್ತು ಸಾವಿರದ ಪೆನ್ನೂ ಜೇಡರ ಬಲೆ ನೇಯುತ್ತದೆ.

ಹಾಳೆ ಹುಡುಕಲು ಬೆಂಗಳೂರಿನಲ್ಲಿ ಸುಲ್ತಾನ್‌ಪೇಟೆಗಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ. ಹಸಿರು ಮಾರ್ಗದ ಮೆಟ್ರೋದಲ್ಲಿ ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಲಗ್ನಪತ್ರಿಕೆ, ಡೈರಿ, ಕ್ಯಾಲೆಂಡರ್, ಲೆಕ್ಕದ ಪುಸ್ತಕ, ಅವುಗಳ ಹಿಂದೆ ಕಾಗದದ ಸಗಟು ವ್ಯಾಪಾರ, ಎಲ್ಲ ಒಂದೇ ಕಡೆ. ಇಕ್ಕಟ್ಟಿನ ಬೀದಿ, ತಲೆಯ ಮೇಲೆ ಕಾಗದದ ಬಂಡಲ್ ಹೊತ್ತು ‘ಸೈಡ್, ಸೈಡ್’ ಅಂತ ಬರುವ ಹಮಾಲರು, ಯಾವುದೋ ಮೂಲೆಯಿಂದ ಕಟಿಂಗ್ ಮೆಷಿನ್ನಿನ ಸದ್ದು.

‘ಎಷ್ಟು ರೀಮ್ ಬೇಕು ಮೇಡಂ?’

‘ರೀಮ್ ಬೇಡ ಅಣ್ಣ, ಐವತ್ತು ಹಾಳೆ ಸಾಕು.’

‘ಐವತ್ತು ಹಾಳೆಗೆ ಸ್ಟೇಷನರಿ ಅಂಗಡಿಗೆ ಹೋಗಿ. ಇದು ಹೋಲ್‌ಸೇಲು.’

ಎರಡು ಅಂಗಡಿಯಲ್ಲಿ ಇದೇ ಸಂಭಾಷಣೆ ಆಯಿತು. ಮೂರನೆಯದರಲ್ಲಿ ಗಲ್ಲಾದ ಹಿಂದೆ ಕೂತ ಹಿರಿಯರು ಎಷ್ಟು ಅಂತ ಕೇಳಲಿಲ್ಲ, ‘ಯಾತಕ್ಕೆ?’ ಅಂತ ಕೇಳಿದರು. ಇಂಕ್ ಪೆನ್ನಲ್ಲಿ ಅಪ್ಪನಿಗೆ ಕಾಗದ ಬರೆಯೋಕೆ ಅಂದೆ. ಅವರು ಕೈಲಿದ್ದ ಫೋನ್ ಕೆಳಗಿಟ್ಟು ಒಳಗೆ ಹೋಗಿ ನಾಲ್ಕು ಬಗೆಯ ಹಾಳೆ ತಂದರು. ಬೆರಳ ತುದಿ ಒದ್ದೆ ಮಾಡಿ ಒಂದೊಂದರ ಮೂಲೆಗೂ ಒತ್ತಿದರು. ಎರಡು ಹಾಳೆ ನೀರನ್ನು ತಕ್ಷಣ ಕುಡಿದು ಕಪ್ಪಾದವು. ಒಂದು ಸ್ವಲ್ಪ ತಡೆಯಿತು. ನಾಲ್ಕನೆಯದರ ಮೇಲೆ ನೀರು ಹಾಗೇ ಮಿನುಗುತ್ತಾ ಕೂತಿತ್ತು. ‘ಇದು ನೋಡಿ ನಿಮ್ಮ ಪೇಪರು. ಸೈಜಿಂಗ್ ಚೆನ್ನಾಗಿದೆ.’

ಈ ಸೈಜಿಂಗ್ ಅನ್ನುವ ಪದಕ್ಕೂ ಹಾಳೆಯ ಅಳತೆಗೂ ಸಂಬಂಧವಿಲ್ಲ. ಕಾಗದ ಅಂದರೆ ನಾರಿನ ಹೆಣಿಗೆ. ಹಾಗೇ ಬಿಟ್ಟರೆ ಅದು ಬ್ಲಾಟಿಂಗ್ ಪೇಪರಿನ ಹಾಗೆ ಇಂಕನ್ನು ಹೀರಿ ಸುತ್ತಲೂ ಹರಡಿಬಿಡುತ್ತದೆ. ಹಾಗಾಗದಿರಲಿ ಅಂತ ಗಿರಣಿಯಲ್ಲಿ ರಾಳ, ಗಂಜಿಯಂಥ ಪದಾರ್ಥ ಸೇರಿಸುತ್ತಾರೆ. ನಮ್ಮಜ್ಜಿಯರು ಹತ್ತಿ ಸೀರೆಗೆ ಗಂಜಿ ಹಾಕುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಬುದ್ಧಿ. ಬಾಲ್‌ಪೆನ್ನಿನ ಇಂಕು ಎಣ್ಣೆಯ ಹಾಗೆ ಗಟ್ಟಿ, ಅದಕ್ಕೆ ಈ ರಕ್ಷಣೆ ಅಷ್ಟು ಬೇಕಾಗಿಲ್ಲ. ಇಂಕ್ ಪೆನ್ನಿನದು ನೀರಿನಂಥ ಇಂಕು. ಬಾಲ್‌ಪೆನ್ನಿಗೆ ಸರಿಹೋದ ನೋಟ್‌ಬುಕ್ಕಿನಲ್ಲೇ ಇಂಕ್ ಪೆನ್ನು ಹರಡಿಕೊಳ್ಳುವುದು ಇದಕ್ಕೇ. ತಪ್ಪು ಪೆನ್ನಿನದಲ್ಲ.

ಇನ್ನೊಂದು ಮಾತು. ಎಲ್ಲರೂ ಜಿಎಸ್‌ಎಂ ಕೇಳುತ್ತಾರೆ. ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. ಅದು ತೂಕ ಹೇಳುತ್ತದೆಯೇ ಹೊರತು ಗುಣ ಹೇಳುವುದಿಲ್ಲ. ಜಪಾನಿನ ಟೊಮೊ ರಿವರ್ ಅನ್ನುವ ಕಾಗದ 52 ಜಿಎಸ್‌ಎಂ ಮಾತ್ರ, ಈರುಳ್ಳಿ ಸಿಪ್ಪೆಯ ಹಾಗಿರುತ್ತದೆ. ಆದರೂ ಇಂಕ್ ಪೆನ್ನಿನವರು ಅದನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ಲಗ್ನಪತ್ರಿಕೆಯ ಹೊಳೆಯುವ ಆರ್ಟ್ ಪೇಪರ್ ದಪ್ಪವಾಗಿದ್ದರೂ ಇಂಕ್ ಪೆನ್ನಿಗೆ ನಿಷ್ಪ್ರಯೋಜಕ, ಒಣಗುವುದೇ ಇಲ್ಲ, ಕೈ ತಗುಲಿದರೆ ಸವರಿಹೋಗುತ್ತದೆ. ಕೈಯಲ್ಲಿ ತಯಾರಿಸಿದ ಖಾದಿ ಕಾಗದ ನೋಡಲು ಬಲು ಚೆಂದ. ಆದರೆ ಅದರಲ್ಲಿ ಎಷ್ಟೋ ಬಗೆ ಇಂಕನ್ನು ಗಟಗಟ ಕುಡಿಯುತ್ತವೆ. ಒಂದು ಹಾಳೆ ತಂದು ಬರೆದು ನೋಡಿಯೇ ಉಳಿದದ್ದನ್ನು ಕೊಳ್ಳಿ.

ಅಂಚೆಗೆ ಹಾಕುವವರಿಗೆ ತೂಕ ಬೇರೆ ಕಾರಣಕ್ಕೆ ಮುಖ್ಯ. ಮಾಮೂಲಿ ಕಾಗದಕ್ಕೆ 20 ಗ್ರಾಂವರೆಗೆ 5 ರೂಪಾಯಿ ಸ್ಟಾಂಪು. ಎ4 ಹಾಳೆ ಒಂದು ಚದರ ಮೀಟರಿನ ಹದಿನಾರನೇ ಒಂದು ಭಾಗ. ಹಾಗಾಗಿ 80 ಜಿಎಸ್‌ಎಂ ಹಾಳೆ ಒಂದಕ್ಕೆ ಸರಿಯಾಗಿ 5 ಗ್ರಾಂ. ಮೂರು ಹಾಳೆ, ಒಂದು ಲಕೋಟೆ, ನಿಶ್ಚಿಂತೆಯಿಂದ ಹೋಗುತ್ತದೆ. 100 ಜಿಎಸ್‌ಎಂ ಆದರೆ ಮೂರು ಹಾಳೆಗೇ 18.75 ಗ್ರಾಂ. ಲಕೋಟೆ ಸೇರಿದರೆ ಗೆರೆ ದಾಟುತ್ತದೆ. ಅಪ್ಪ ಸಂಘದ ಗುಮಾಸ್ತರಲ್ಲವೇ, ಹೆಚ್ಚುವರಿ ಸ್ಟಾಂಪು ಕಂಡರೆ ಲೆಕ್ಕ ಕೇಳುತ್ತಾರೆ.

ಆ ಹಿರಿಯರು ಕೊಟ್ಟ ನಾಲ್ಕನೆಯ ಹಾಳೆ ತೆಳು ಹಸಿರು ಛಾಯೆಯ ಲೆಡ್ಜರ್ ಪೇಪರು. ಲೆಕ್ಕದ ಪುಸ್ತಕಕ್ಕೆ ಅಂತಲೇ ತಯಾರಾಗುವ ಕಾಗದ. ವರ್ಷಾನುಗಟ್ಟಲೆ ಉಳಿಯಬೇಕು, ಎರಡೂ ಬದಿ ಇಂಕಿನಲ್ಲಿ ಬರೆಯಬೇಕು, ದಿನಕ್ಕೆ ಹತ್ತು ಸಲ ತಿರುವಿದರೂ ಹರಿಯಬಾರದು. ದೊಡ್ಡ ಶೀಟುಗಳನ್ನು ಪಕ್ಕದ ಕಟಿಂಗ್ ಅಂಗಡಿಯಲ್ಲಿ ಎ4 ಅಳತೆಗೆ ಕತ್ತರಿಸಿಕೊಟ್ಟರು.

ಅದರಲ್ಲಿ ಬರೆದ ಮೊದಲ ಕಾಗದಕ್ಕೆ ಬಂದ ಉತ್ತರದಲ್ಲಿ, ನನ್ನ ಯೋಗಕ್ಷೇಮ ಕೇಳುವ ಮೊದಲೇ ಅಪ್ಪ ಬರೆದಿದ್ದರು: ‘ಇದು ಲೆಡ್ಜರ್ ಪೇಪರು. ಮುಟ್ಟಿದ ಕೂಡಲೇ ಗೊತ್ತಾಯಿತು. ಇದು ಈಗಲೂ ಸಿಗುತ್ತದೆಯೇ?’

‘ನಮ್ದಕ್ಕೆ ಕೆಳಗೆ ಸಾಮಾನು ಜಾಸ್ತಿ’

ಪೆನ್ನಿಗೆ ಅವೆನ್ಯೂ ರಸ್ತೆಯ ಕಡೆ ಹೋದೆ. ಮೈಸೂರು ಬ್ಯಾಂಕ್ ವೃತ್ತದಿಂದ ಸಿಟಿ ಮಾರ್ಕೆಟ್ಟಿನವರೆಗೆ ಹೋಗುವ ಈ ಬೀದಿಗೆ ಹಳೆಯ ಹೆಸರು ದೊಡ್ಡಪೇಟೆ. ಹಳೇ ಪುಸ್ತಕಕ್ಕೆ ಅಂತ ನಾವೆಲ್ಲ ಕಾಲೇಜಿನಲ್ಲಿದ್ದಾಗ ಸುತ್ತಿದ ಜಾಗವೇ. ಅದರ ಒಂದು ಅಡ್ಡಗಲ್ಲಿಯಲ್ಲಿ ಎರಡು ಜನ ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಂಗಡಿ. ಗಾಜಿನ ಪೆಟ್ಟಿಗೆಯಲ್ಲಿ ಚೀನಾದ ಹೀರೋ, ನಮ್ಮ ಕ್ಯಾಮ್ಲಿನ್, ಸ್ಕೂಲ್ ಮಕ್ಕಳ ಬಣ್ಣದ ಪೆನ್ನು, ಹಿಂದಿನ ಸಾಲಿನಲ್ಲಿ ದಪ್ಪ ಕಪ್ಪು ಎಬೊನೈಟ್ ಪೆನ್ನುಗಳು.

‘ಏನು ಬರೀತೀರಮ್ಮ?’ ಅಂತ ಅಂಗಡಿಯವರು ಕೇಳಿದರು. ಎಷ್ಟು ಬಜೆಟ್ ಅಂತ ಕೇಳಲಿಲ್ಲ. ಕನ್ನಡದಲ್ಲಿ ಕಾಗದ, ವಯಸ್ಸಾದವರಿಗೆ, ದಪ್ಪ ಅಕ್ಷರ ಬೇಕು ಅಂದೆ. ಮೀಡಿಯಂ ನಿಬ್ಬಿನ ಪೆನ್ನು ಅದ್ದಿ ಕೊಟ್ಟರು. ‘ರಾಷ್ಟ್ರ’ ಅಂತ ಬರೆದೆ. ಮೇಲಿನ ಷ ಚೆನ್ನಾಗಿತ್ತು, ಕೆಳಗಿನ ಟ ಒತ್ತು, ಅದಕ್ಕೆ ಅಂಟಿದ ರ ಒತ್ತು ಎರಡೂ ಸೇರಿ ಒಂದು ಇಂಕಿನ ಉಂಡೆಯಾಗಿತ್ತು.

ಅವರು ನಕ್ಕರು. ‘ಇಂಗ್ಲಿಷಿಗೆ ಮೀಡಿಯಂ ನಡೆಯತ್ತೆ. ನಮ್ದಕ್ಕೆ ಕೆಳಗೆ ಸಾಮಾನು ಜಾಸ್ತಿ. ನಿಬ್ಬು ದಪ್ಪ ಬೇಡಮ್ಮ. ಫೈನ್ ತಗೊಳ್ಳಿ, ಅಕ್ಷರ ದೊಡ್ಡದು ಮಾಡಿ, ಸಾಲು ಬಿಡಿಸಿ ಬರೀರಿ, ಇಂಕು ಕಪ್ಪು ಹಾಕಿ.’

ನಾನು ನೋಡಿದ ಯಾವ ವಿಡಿಯೋ ರಿವ್ಯೂನಲ್ಲೂ ಈ ಮಾತು ಇರಲಿಲ್ಲ. ಅಲ್ಲಿ ಎಲ್ಲರೂ ಇಂಗ್ಲಿಷಿನಲ್ಲೇ ಬರೆದು ತೋರಿಸುತ್ತಾರೆ. ಜಪಾನಿನ ಪೆನ್ನುಗಳ ಫೈನ್ ನಿಬ್ಬು ಯುರೋಪಿನ ಫೈನ್‌ಗಿಂತ ಸಣ್ಣ. ಅಲ್ಲಿನ ಒಂದೊಂದು ಅಕ್ಷರದೊಳಗೆ ಅಷ್ಟು ಗೆರೆ ತುಂಬಬೇಕಲ್ಲ. ಅವರು ತಮ್ಮ ಲಿಪಿಗೆ ತಕ್ಕ ನಿಬ್ಬು ಮಾಡಿಕೊಂಡರು. ನಾವು ನಮ್ಮ ಲಿಪಿಗೆ ತಕ್ಕ ನಿಬ್ಬನ್ನು ಇದ್ದದ್ದರಲ್ಲೇ ಆರಿಸಿಕೊಳ್ಳಬೇಕು. ಆರಿಸಬೇಕಾದರೆ ಅಂಗಡಿಯಲ್ಲಿ ನಿಂತು ನಮ್ಮದೇ ಅಕ್ಷರ ಬರೆದು ನೋಡಬೇಕು.

ನಮ್ಮ ಅಕ್ಷರ ದುಂಡಗೆ ಬೇರೆ. ತಾಳೆಗರಿಯ ಮೇಲೆ ಕಂಟದಿಂದ ನೇರ ಗೆರೆ ಎಳೆದರೆ ಗರಿ ಸೀಳುತ್ತಿತ್ತು, ಅದಕ್ಕೇ ದಕ್ಷಿಣದ ಲಿಪಿಗಳು ದುಂಡಗಾದವು ಅಂತ ಹೇಳುತ್ತಾರೆ. ದುಂಡಕ್ಷರ ಬರೆಯುವಾಗ ನಿಬ್ಬು ಕೆಳಕ್ಕೆ, ಪಕ್ಕಕ್ಕೆ, ಮೇಲಕ್ಕೆ ಎಲ್ಲ ಕಡೆಗೂ ತಿರುಗುತ್ತದೆ. ಕೆಳಕ್ಕೆ ಎಳೆದಾಗ ಜಾರುವ ನಿಬ್ಬು ಮೇಲಕ್ಕೆ ತಳ್ಳಿದಾಗ ಕೆರೆಯಬಹುದು. ‘ಅ’, ‘ಣ’, ‘ಳ’ ಮೂರು ಅಕ್ಷರ ಬರೆದರೆ ಈ ಪರೀಕ್ಷೆ ಮುಗಿಯುತ್ತದೆ. ನನ್ನ ಪೆನ್ನು ‘ಳ’ದಲ್ಲಿ ಕೆರೆಯಿತು. ಅಂಗಡಿಯವರು ಭೂತಗನ್ನಡಿಯಲ್ಲಿ ನೋಡಿ, ನಿಬ್ಬಿನ ಎರಡು ಹಲ್ಲುಗಳಲ್ಲಿ ಒಂದು ಕೂದಲೆಳೆಯಷ್ಟು ಮೇಲಿದೆ ಅಂದು, ಹೆಬ್ಬೆರಳ ಉಗುರಿನಿಂದ ಮೆಲ್ಲಗೆ ಒತ್ತಿ ಸರಿ ಮಾಡಿಕೊಟ್ಟರು. ಅರ್ಧ ನಿಮಿಷದ ಕೆಲಸ. ಕೊರಿಯರ್‌ನಲ್ಲಿ ಬಂದ ಪೆನ್ನಿಗೆ ಈ ಉಗುರು ಎಲ್ಲಿಂದ ತರೋಣ?

ನಾನು ಕೊಂಡದ್ದು ಎಬೊನೈಟ್ ಪೆನ್ನು. ಗಟ್ಟಿ ಮಾಡಿದ ರಬ್ಬರೇ ಎಬೊನೈಟ್. ಕಡ್ಡಿಯನ್ನು ಲೇತಿನಲ್ಲಿ ಕಡೆದು ಪೆನ್ನು ಮಾಡುತ್ತಾರೆ. ಕೈಗೆ ಬೆಚ್ಚಗೆ ಹಿಡಿಯುತ್ತದೆ, ಬೆವರಿದರೂ ಜಾರುವುದಿಲ್ಲ. ದಕ್ಷಿಣ ಭಾರತದಲ್ಲಿ ಈ ಕಸುಬಿಗೆ ಹಳೆಯ ಹೆಸರಿದೆ. ರಾಜಮಂಡ್ರಿಯ ರತ್ನಂ ಪೆನ್ನು ಶುರುವಾದದ್ದು 1932ರಲ್ಲಿ, ಗಾಂಧೀಜಿಯವರ ಸ್ವದೇಶಿ ಕರೆಗೆ ಓಗೊಟ್ಟು. ಅದಕ್ಕೂ ಒಂದು ವರ್ಷ ಮೊದಲು, 1931ರಲ್ಲಿ, ದಾಂಡೇಕರ್ ಅವರು ಮುಂಬಯಿಯಲ್ಲಿ ‘ಹಾರ್ಸ್ ಬ್ರ್ಯಾಂಡ್’ ಹೆಸರಿನಲ್ಲಿ ಇಂಕಿನ ಪುಡಿ ಮತ್ತು ಗುಳಿಗೆ ಮಾರತೊಡಗಿದರು. ಅದೇ ಮುಂದೆ ಕ್ಯಾಮ್ಲಿನ್ ಆಯಿತು. ಬಂಗಾಳದಲ್ಲಿ ಸುಲೇಖಾ ಇಂಕು ಬಂದದ್ದು 1934ರಲ್ಲಿ. ತಮಿಳುನಾಡಿನ ತಿರುವಳ್ಳೂರಿನಲ್ಲಿ ರಂಗಾ ಪೆನ್ನಿನವರು ಇಂದಿಗೂ ಎಬೊನೈಟ್ ಕಡೆಯುತ್ತಿದ್ದಾರೆ.

ಬೆಂಗಳೂರೇನು ಕಡಿಮೆ ಅಲ್ಲ. 2002ರಲ್ಲಿ ಇಲ್ಲಿ ಶುರುವಾದ ವಿಲಿಯಂ ಪೆನ್ ಕಂಪನಿ 2022ರಲ್ಲಿ ಶೇಫರ್ ಅನ್ನುವ, ಶತಮಾನ ದಾಟಿದ ಅಮೆರಿಕದ ಪೆನ್ ಬ್ರ್ಯಾಂಡನ್ನೇ ಕೊಂಡುಕೊಂಡಿತು. ಮಾಲ್‌ಗಳ ಪೆನ್ನಿನ ಮಳಿಗೆಗಳಿಗೂ ಧೈರ್ಯವಾಗಿ ಹೋಗಿ. ಅಲ್ಲೂ ಅದ್ದಿ ಬರೆದು ನೋಡಲು ಕೇಳಬಹುದು. ಕನ್ನಡದಲ್ಲೇ ಬರೆದು ನೋಡಿ.

ಮಲೆನಾಡಿನ ಮಳೆಗೆ ತಡೆಯುವ ಇಂಕು

ಇಂಕಿನ ವಿಷಯದಲ್ಲಿ ನನ್ನ ಸಮಸ್ಯೆ ಕೊಪ್ಪದ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೋಸ್ಟ್‌ಮ್ಯಾನ್ ಚೀಲದಲ್ಲಿ ಒಣಗಿದ್ದು ಅಂತ ಏನೂ ಇರುವುದಿಲ್ಲ. ರಾಯಲ್ ಬ್ಲೂ ಬಾಟಲಿಗಳ ಮೇಲೆ ‘ವಾಷಬಲ್’ ಅಂತ ಬರೆದಿರುವುದುಂಟು. ಮಕ್ಕಳ ಯೂನಿಫಾರ್ಮಿನಿಂದ ತೊಳೆದುಹೋಗಲಿ ಅಂತ ಮಾಡಿದ ಇಂಕು ಅದು. ಮಳೆಯಲ್ಲೂ ಅಷ್ಟೇ ಸುಲಭವಾಗಿ ತೊಳೆದುಹೋಗುತ್ತದೆ. ಬಿಸಿಲಿಗೆ ಬಣ್ಣವೂ ಮಾಸುತ್ತದೆ. ಕಾಗದ ಉಳಿಯಬೇಕು ಅಂದರೆ ‘ಪರ್ಮನೆಂಟ್’ ಅಂತಿರುವ ಕಪ್ಪು ಅಥವಾ ಬ್ಲೂ ಬ್ಲ್ಯಾಕ್ ಕೇಳಿ. ದೇಶಿ ಇಂಕಿನ 60 ಮಿ.ಲೀ. ಬಾಟಲಿ ಬೆಂಗಳೂರಿನ ಒಂದು ಮಸಾಲೆದೋಸೆಗಿಂತ ಅಗ್ಗ. ನನಗೆ ತಿಂಗಳುಗಟ್ಟಲೆ ಬರುತ್ತದೆ.

ಅಳಿಸದ ಇಂಕು ಅಂದ ಕೂಡಲೇ ಚುನಾವಣೆಯ ಇಂಕು ನೆನಪಾಗುತ್ತದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಸ್ಥಾಪನೆಯಾದ ಮೈಸೂರಿನ ಪೇಂಟ್ಸ್ ಕಾರ್ಖಾನೆ 1962ರಿಂದ ನಮ್ಮ ಬೆರಳಿಗೆ ಹಚ್ಚುತ್ತಿರುವುದು ಅದನ್ನೇ. ಅದು ಬೆರಳಿಗಷ್ಟೇ. ಪೆನ್ನಿಗೆ ಅದಾಗಲಿ, ಡ್ರಾಯಿಂಗ್ ಇಂಕಾಗಲಿ, ಸ್ಟಾಂಪ್ ಪ್ಯಾಡಿನ ಇಂಕಾಗಲಿ ಹಾಕಬೇಡಿ. ಒಳಗೆ ಗಟ್ಟಿಯಾಗಿ ಕೂತರೆ ನಿಬ್ಬಿನ ಅಡಿಯ ಸಣ್ಣ ಕಾಲುವೆ ಮುಚ್ಚಿಹೋಗುತ್ತದೆ.

ಡ್ರಾಪರ್‌ನಿಂದ ನೇರವಾಗಿ ಇಂಕು ತುಂಬುವ ಪೆನ್ನುಗಳಿಗೆ ಒಂದು ಚಾಳಿ ಇದೆ. ಇಂಕು ತಳ ಸೇರಿದಾಗ ಕಕ್ಕುತ್ತವೆ. ಒಳಗೆ ತುಂಬಿದ ಗಾಳಿ ಕೈಯ ಬಿಸಿಗೆ ಹಿಗ್ಗಿ ಇಂಕನ್ನು ಹೊರಗೆ ದಬ್ಬುವುದರಿಂದ ಹೀಗಾಗುತ್ತದೆ. ಅರ್ಧಕ್ಕಿಂತ ಕಡಿಮೆಯಾದ ಕೂಡಲೇ ತುಂಬಿಬಿಟ್ಟರೆ ಆಯಿತು. ತಿಂಗಳಿಗೊಮ್ಮೆ ತಣ್ಣೀರಿನಲ್ಲಿ ತೊಳೆಯಿರಿ. ಎಬೊನೈಟ್‌ಗೆ ಬಿಸಿನೀರು ಬೇಡ, ಬಣ್ಣ ಕೆಡುತ್ತದೆ. ಮಳೆಗಾಲದಲ್ಲಿ ಹಾಳೆಯೂ ತೇವ ಹೀರುತ್ತದೆ. ಆಗ ಒಳ್ಳೆಯ ಕಾಗದದಲ್ಲೂ ಇಂಕು ಸ್ವಲ್ಪ ಹರಡುತ್ತದೆ. ಅಪ್ಪ ನಾನು ಕಳಿಸಿದ ಹಾಳೆಗಳನ್ನು ಟ್ರಂಕಿನಲ್ಲಿ, ಅಮ್ಮನ ರೇಷ್ಮೆ ಸೀರೆಯ ಪಕ್ಕ ಇಟ್ಟಿದ್ದಾರೆ. ಅಮ್ಮನಿಗೆ ಈ ಬಗ್ಗೆ ತಕರಾರಿದೆ.

ಎರಡು ಹಾಳೆಯ ಉತ್ತರ

ಕಳೆದ ವರ್ಷ ನಮ್ಮ ಕಂಪನಿಯಲ್ಲಿ ಜನರನ್ನು ಕಡಿಮೆ ಮಾಡುವ ಮಾತು ಶುರುವಾಯಿತು. ನನ್ನ ಟೀಮಿನಲ್ಲೇ ಮೂವರು ಹೋದರು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮನೆಗೆ ಫೋನ್ ಮಾಡಿದರೆ ಊಟ, ಮಳೆ, ಅಡಿಕೆ ರೇಟು. ‘ನನ್ನ ಕೆಲಸ ಹೋಗಬಹುದು’ ಅನ್ನುವುದನ್ನು ಅಮ್ಮನ ಬಾಯಲ್ಲಿ ಅಂಗಳಕ್ಕೆಲ್ಲ ಕೇಳುವ ಹಾಗೆ ಕೂಗಿಸುವುದು ಹೇಗೆ?

ಒಂದು ಭಾನುವಾರ ಕೂತು ಬರೆದೆ. ಗೃಹಸಾಲದ ಕಂತು ಎಷ್ಟು, ಉಳಿತಾಯ ಎಷ್ಟು ತಿಂಗಳಿಗೆ ಬರುತ್ತದೆ, ಬೇರೆ ಎಲ್ಲಿ ಅರ್ಜಿ ಹಾಕಿದ್ದೇನೆ, ಎಷ್ಟು ಹೆದರಿಕೆಯಾಗಿದೆ, ಎಲ್ಲ. ಟೈಪ್ ಮಾಡಿದ್ದರೆ ಆ ಕೊನೆಯ ಸಾಲನ್ನು ಖಂಡಿತ ಅಳಿಸುತ್ತಿದ್ದೆ. ಇಂಕಿನಲ್ಲಿ ಬರೆದದ್ದು ಉಳಿಯಿತು.

ಎಂಟನೇ ದಿನ ಉತ್ತರ ಬಂತು. ಎರಡು ಹಾಳೆ, ನಾನೇ ಕಳಿಸಿದ ಹಸಿರು ಲೆಡ್ಜರ್ ಕಾಗದದಲ್ಲಿ. ಮೊದಲ ಹಾಳೆಯಲ್ಲಿ ನನ್ನ ಜಮಾ ಖರ್ಚನ್ನು ಅಪ್ಪ ಮತ್ತೆ ಬರೆದು, ಎಡಕ್ಕೆ ಜಮಾ, ಬಲಕ್ಕೆ ಖರ್ಚು ಹಾಕಿ, ಕೂಡಿ ಕಳೆದು, ನನ್ನ ಲೆಕ್ಕಕ್ಕಿಂತ ಎರಡು ತಿಂಗಳು ಹೆಚ್ಚು ತಡೆಯಬಹುದು ಅಂತ ತೋರಿಸಿದ್ದರು. ಎರಡನೆಯದರಲ್ಲಿ ಹೀಗಿತ್ತು: ‘ಹೆದರಿಕೆ ಎಂದು ಬರೆದಿದ್ದೀಯಲ್ಲ, ಅದಕ್ಕೆ ಹೇಳುತ್ತೇನೆ. ಸಂಘದಲ್ಲಿ ನನಗೂ ಎರಡು ಸಲ ಸಂಬಳ ನಿಂತಿತ್ತು. ಒಮ್ಮೆ ಐದು ತಿಂಗಳು. ಆಗ ನೀನು ನಾಲ್ಕನೇ ಕ್ಲಾಸು. ನಿಮಗೆ ಗೊತ್ತಾಗದ ಹಾಗೆ ನಿನ್ನ ಅಮ್ಮ ಮನೆ ನಡೆಸಿದಳು. ನನಗೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಇದನ್ನು ಯಾರಿಗೂ ಹೇಳಿಲ್ಲ. ಬೆಂಗಳೂರಿನಲ್ಲಿ ಕೆಲಸ ಹೋದರೆ ಹೋಗಲಿ. ಮನೆ ಇದೆ.’

ನನಗೆ ಆಗ ಮೂವತ್ಮೂರು ವರ್ಷ. ಅಪ್ಪನಿಗೆ ರಾತ್ರಿ ನಿದ್ದೆ ಬರದ ಕಾಲವೂ ಇತ್ತು ಅನ್ನುವುದು ನನಗೆ ಗೊತ್ತಾದದ್ದು ಆ ಹಾಳೆಯಿಂದ. ಕೆಲಸ ಸದ್ಯಕ್ಕೆ ಉಳಿದಿದೆ. ಹಾಳೆಯನ್ನು ಸರ್ಟಿಫಿಕೇಟ್‌ಗಳ ಫೈಲಿನಲ್ಲಿ ಇಟ್ಟಿದ್ದೇನೆ.

ನಿಮ್ಮೂರಿನಲ್ಲಿ ಹುಡುಕುವುದಾದರೆ

ಬೆಂಗಳೂರೇ ಆಗಬೇಕಿಲ್ಲ. ಯಾವ ಊರಲ್ಲಾದರೂ ಮೂರು ಕಡೆ ವಿಚಾರಿಸಿ. ಒಂದು, ಕೋರ್ಟು ಮತ್ತು ಸಬ್ ರಿಜಿಸ್ಟ್ರಾರ್ ಕಚೇರಿಯ ಸುತ್ತಲಿನ ಸ್ಟೇಷನರಿ ಅಂಗಡಿ. ದಸ್ತಾವೇಜು ಬಾಳಿಕೆ ಬರಬೇಕಲ್ಲ, ಬಾಂಡ್ ಪೇಪರ್, ಲೆಡ್ಜರ್ ಪೇಪರ್ ಅಲ್ಲಿ ಬಿಡಿಯಾಗಿ ಸಿಗುವ ಸಾಧ್ಯತೆ ಹೆಚ್ಚು. ಎರಡು, ಪ್ರಿಂಟಿಂಗ್ ಪ್ರೆಸ್. ಕತ್ತರಿಸಿ ಉಳಿದ ಒಳ್ಳೆಯ ಕಾಗದ ಅವರಲ್ಲಿ ಬಿದ್ದಿರುತ್ತದೆ. ಮೂರು, ಬೈಂಡಿಂಗ್ ಮಾಡುವವರು. ನಿಮ್ಮ ಹಾಳೆ ಕೊಟ್ಟರೆ ನೋಟ್‌ಬುಕ್ ಮಾಡಿಕೊಡುತ್ತಾರೆ. ‘ಗಮ್ ಬೇಡ, ಹೊಲಿಗೆ ಹಾಕಿ’ ಅಂತ ಕೇಳಿ. ಹೊಲಿದ ಪುಸ್ತಕ ಮೇಜಿನ ಮೇಲೆ ಅಗಲವಾಗಿ ಬಿಚ್ಚಿಕೊಳ್ಳುತ್ತದೆ.

ಕಾಗದದ ಮೂಲವನ್ನೂ ವಿಚಾರಿಸಿ. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ನಮ್ಮದೇ ಕಾಳಿ ನದಿಯ ದಂಡೆಯದು. ಭದ್ರಾವತಿಯಲ್ಲಿ 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆಯಲ್ಲಿ ಈಗ ಉತ್ಪಾದನೆ ನಿಂತಿದೆ. ಅಪ್ಪನಿಗೆ ಅದರದೊಂದು ದುಃಖವೇ ಇದೆ. ‘ನಮ್ಮ ಜಿಲ್ಲೆಯ ಪಕ್ಕದಲ್ಲೇ ಕಾಗದ ಆಗುತ್ತಿತ್ತು’ ಅಂತ ಒಮ್ಮೆ ಬರೆದಿದ್ದರು.

ಹೋಗುವಾಗ ನಿಮ್ಮ ಪೆನ್ನಿಗೆ ಇಂಕು ತುಂಬಿಸಿಕೊಂಡು ಹೋಗಿ. ‘ಒಂದು ಸಾಲು ಬರೆದು ನೋಡ್ಲಾ?’ ಅಂತ ಕೇಳಿದರೆ ಬೇಡ ಅಂದವರು ನನಗೆ ಸಿಕ್ಕಿಲ್ಲ. ಬರೆದು, ಹತ್ತೆಣಿಸಿ, ಬೆರಳಿನಿಂದ ಸವರಿ, ಹಾಳೆ ತಿರುಗಿಸಿ ಬೆಳಕಿಗೆ ಹಿಡಿಯಿರಿ. ಗೆರೆಗೆ ಬೇರು ಬಿಟ್ಟಿದೆಯಾ, ಹಿಂಬದಿಗೆ ಚುಕ್ಕೆ ಹೊಡೆದಿದೆಯಾ ನೋಡಿ. ಭಾನುವಾರ ಪೇಟೆಯ ಬಹುತೇಕ ಸಗಟು ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಬೆಳಿಗ್ಗೆ ಒಳ್ಳೆಯ ಸಮಯ.

ಮತ್ತೊಂದು ಮಾತು. ‘ಇಲ್ಲ’ ಅಂದ ಅಂಗಡಿಗೂ ಇನ್ನೊಮ್ಮೆ ಹೋಗಿ. ಹೋದ ಮಳೆಗಾಲದಲ್ಲಿ ಅಪ್ಪನ ಇಂಕು ಮುಗಿದು, ಅವರೇ ಬಸ್ ಹತ್ತಿ ಕೊಪ್ಪದ ಪೇಟೆಗೆ ಹೋದರಂತೆ. ಸ್ಟೇಷನರಿ ಅಂಗಡಿಯ ಹುಡುಗ ಮೊದಲು ಇಲ್ಲ ಅಂದ. ಅಪ್ಪನಿಗೆ ಅದು ಕೇಳಿಸಲಿಲ್ಲ, ಅಲ್ಲೇ ನಿಂತರು. ಹುಡುಗ ಬೇರೆ ದಾರಿ ಕಾಣದೆ ಅಟ್ಟದ ಮೇಲೆ ಹುಡುಕಿ ದೂಳು ಹಿಡಿದ ಎರಡು ಕಪ್ಪು ಬಾಟಲಿ ತಂದ. ಅಪ್ಪ ಎರಡನ್ನೂ ಕೊಂಡು, ಮುಂದಿನ ತಿಂಗಳು ಮತ್ತೆ ಬರುತ್ತೇನೆ ಅಂತ ಹೇಳಿ ಬಂದರು. ಹೇಳಿದ ಹಾಗೆ ಹೋದರು ಕೂಡ.

ಈಗ ಆ ಅಂಗಡಿಯ ಕಪಾಟಿನಲ್ಲಿ ಒಂದು ಡಜನ್ ಇಂಕಿನ ಬಾಟಲಿ ಸಾಲಾಗಿ ನಿಂತಿದೆಯಂತೆ. ‘ಬೇರೆ ಯಾರು ಕೊಳ್ಳುತ್ತಾರೋ ತಿಳಿಯದು. ಕಳೆದ ವಾರ ಎಣಿಸಿದೆ, ಒಂಬತ್ತು ಇತ್ತು’ ಅಂತ ಮೊನ್ನೆಯ ಕಾಗದದಲ್ಲಿ ಅಪ್ಪ ಬರೆದಿದ್ದಾರೆ.